ಗಡಿಯ ಸರೋವರಗಳೂ ರಹದಾರಿಯೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಾಸರಗೋಡಿನ ಈ ವೇದಿಕೆಯಲ್ಲಿ ಭಾಷೆಯ ವಿಷಯವನ್ನು ಬಿಟ್ಟು ದೋಣಿಯ ವಿಷಯವನ್ನು ಹೇಳಹೊರಟಿದ್ದೇವೆ, ಕ್ಷಮೆಯಿರಲಿ. ನಮ್ಮಲ್ಲಿ ಕನ್ನಡ ಕಲಿತು ಈಗ ಅಮೆರಿಕದ ಮಿನೆಸೋಟಾದಲ್ಲಿ ಉದ್ಯೋಗದಲ್ಲಿರುವ ಶಿಷ್ಯನೊಬ್ಬನು ಬರೆದ ಕಾಗದವೇ ಇದಕ್ಕೆ ಕಾರಣ.

ಆ ಸಂಸ್ಥಾನದ ಉತ್ತರದ ಅಂಚಿನಲ್ಲಿ, ಕೆನಡಾದ ಗಡಿಯುದ್ದಕ್ಕೂ ಸುಮಾರು 150 ಮೈಲಿ, ಸಾವಿರಕ್ಕೂ ಮೇಲ್ಪಟ್ಟು ಸರೋವರಗಳಿಂದ ಕೂಡಿದ ಒಂದು ರಕ್ಷಿತಾರಣ್ಯವಿದೆ. ಬೌಂಡರಿ ವಾಟರ್ಸ್ ಎಂದು ಅದರ ಹೆಸರು. ಗಡಿಯಾಚೆಗೆ ಕೆನಡಾದವರ ಕ್ವೆಟಿಕೊ ವನ. ಜನರು ಹಗುರವಾದ ದೋಣಿಗಳಲ್ಲಿ ಡೇರೆ, ಅಡುಗೆಯ ಸಾಮಾನುಗಳನ್ನಿಟ್ಟುಕೊಂಡು ಅಲ್ಲಿ ದಿನಗಟ್ಟಲೆ ಸಂಚರಿಸುತ್ತಾರೆ. ಒಂದು ಸರೋವರ ಮುಗಿದಲ್ಲಿ ದೋಣಿಯನ್ನು ಹೆಗಲಿಗೇರಿಸಿ ಕಾಲುದಾರಿಯಿಂದ ಇನ್ನೊಂದಕ್ಕೆ ಸಾಗುತ್ತಾರೆ. ಆ ದಾರಿಗಳ ಉದ್ದವನ್ನು ಇಂದಿಗೂ ರಾಡ್ ಎಂಬ ಹಳೆಯ ಅಳತೆಯಲ್ಲಿ ಹೇಳುವುದು ರೂಢಿ. ಒಂದು ರಾಡಿಗೆ ಹದಿನಾರೂವರೆ ಅಡಿ, ಹೆಚ್ಚುಕಡಮೆ ಒಂದು ದೋಣಿಯುದ್ದ.

ಮೇ 1ರಿಂದ ಸೆಪ್ಟೆಂಬರ್ 30ರ ವರೆಗೆ ಬೌಂಡರಿ ವಾಟರ್ಸಿನಲ್ಲಿ ರಾತ್ರಿ ತಂಗಬೇಕಾದರೆ ಮುಂಚಿತವಾಗಿ ರಹದಾರಿ ಪಡೆಯಬೇಕು. ಯಾವ ದಿನ, ಯಾವ ಕಡವಿನಿಂದ ಪ್ರವೇಶವೆಂಬುದು ಅದರಲ್ಲಿ ನಮೂದಾಗಿರುತ್ತದೆ; ಒಂದೊಂದು ಕಡವಿಗೂ ದಿನಕ್ಕೆ ಇಷ್ಟೇ ತಂಡಗಳೆಂಬ ಮಿತಿಯುಂಟು. ತಂಡದಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರಾಗಲಿ ನಾಲ್ಕಕ್ಕಿಂತ ಹೆಚ್ಚು ದೋಣಿಗಳಾಗಲಿ ಕೂಡದು. ಗಾಜಿನ ಸೀಸೆ, ತಗಡಿನ ಡಬ್ಬಿಗಳಿಗೆ ನಿಷೇಧ. ನಮ್ಮ ಯಾತ್ರಾಸ್ಥಳಗಳಿಗೂ ಈ ಕೊನೆಯ ನಿಯಮವೊಂದು ಬಂದರೆ ಹಳ್ಳತೊರೆಗಳು ಬದುಕಿಕೊಂಡಾವು.

ಆದರೆ ನಮ್ಮ ಶಿಷ್ಯನು ಬರೆದುದು ಇದನ್ನಲ್ಲ. ಗಡಿರೇಖೆಯು ಸರೋವರಗಳ ನಡುವೆಯೇ ಹಾದುಹೋಗುತ್ತದೆ; ನೀರಿನ ಮೇಲೆ ಗೀಟಿಲ್ಲ, ಕಲ್ಲಿಲ್ಲ. ಎದುರು ದಡ ಕೂಗಳತೆಯಲ್ಲಿದ್ದರೂ ಅಲ್ಲಿ ಡೇರೆ ಹೂಡಲು ಆ ದೇಶದ ಪ್ರವೇಶಾನುಮತಿಯೂ ಆ ವನದ ರಹದಾರಿಯೂ ಬೇಕು. ಮೀನು ಹಿಡಿಯಲು ಬೇರೆ ಪರವಾನಗಿ. ನಿರ್ಜನ ಪ್ರದೇಶದಲ್ಲಿ ಠಾಣೆಗೆ ಹೋಗದೆ ದಾಟುವುದಕ್ಕೆಂದು ಕೆನಡಾದವರು ಒಂದು ವಿಶೇಷ ಪತ್ರವನ್ನು ಏರ್ಪಡಿಸಿದ್ದರು. ಅದು ಎರಡೂ ದೇಶಗಳ ಪೌರರಿಗೆ ಮತ್ತು ಖಾಯಂ ನಿವಾಸಿಗಳಿಗೆ ಮಾತ್ರ. 2024ರಲ್ಲಿ ಹೊಸ ಅರ್ಜಿಗಳನ್ನು ನಿಲ್ಲಿಸಿ, 2026ರ ಸೆಪ್ಟೆಂಬರ್ 14ಕ್ಕೆ ಆ ಏರ್ಪಾಡನ್ನೇ ಕೊನೆಗಾಣಿಸುವುದಾಗಿ ಅಲ್ಲಿನ ಇಲಾಖೆ ಪ್ರಕಟಿಸಿತು. ಹಾಗಿದ್ದರೂ ಭಾರತದ ಪೌರನಾದ ನಮ್ಮ ಶಿಷ್ಯನಿಗೆ ಆ ಪತ್ರ ಎಂದೂ ದೊರೆಯುವಂತಿರಲಿಲ್ಲ. ಅವನು ದಕ್ಷಿಣದ ದಡದಲ್ಲಿಯೇ ಡೇರೆ ಹೂಡಿದನು.

ಇಲ್ಲಿ ತಮ್ಮ ಗಮನಕ್ಕೆ ತರಬೇಕಾದ ಒಂದು ಮಾತಿದೆ. 1842ರಲ್ಲಿ ಬ್ರಿಟನ್ನೂ ಅಮೆರಿಕವೂ ವೆಬ್‌ಸ್ಟರ್–ಆಶ್‌ಬರ್ಟನ್ ಒಪ್ಪಂದದಿಂದ ಈ ಗಡಿಯನ್ನು ಗೊತ್ತುಮಾಡಿದುವು. ತುಪ್ಪುಳದ ವ್ಯಾಪಾರಿಗಳ ದೋಣಿದಾರಿಯನ್ನೇ ರೇಖೆಯು ಅನುಸರಿಸಿತು. ಆ ದಾರಿಯಾದರೋ ಅದಕ್ಕೂ ಮೊದಲೇ ಒಜಿಬ್ವೆ ಜನರದು. ಅವರನ್ನು ಒಪ್ಪಂದಕ್ಕೆ ಕರೆದವರಿಲ್ಲ. ಆದರೂ ಅದರ ಎರಡನೆಯ ವಿಧಿಯಲ್ಲಿ, ಆ ನೀರುಗಳೂ ದೋಣಿ ಹೊರುವ ವಾಡಿಕೆಯ ಕಾಲುದಾರಿಗಳೂ ಎರಡು ಕಡೆಯ ಪ್ರಜೆಗಳಿಗೂ ಮುಕ್ತವಾಗಿರತಕ್ಕುದೆಂದು ಬರೆದರು. ಗೆರೆ ಎಳೆದವರು ನಡೆಯುವವರನ್ನೂ ನೆನೆದರು.

ಇದನ್ನೋದಿದಾಗ ನಮಗೆ 2020ರ ಮಾರ್ಚ್ ನೆನಪಾಯಿತು. ಸಾಂಕ್ರಾಮಿಕದ ಭಯದಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ರೋಗಿಗಳ ವಾಹನಗಳು ನಿಂತುದನ್ನು ತಾವೆಲ್ಲರೂ ಕಂಡವರು. ಮಂಗಳೂರಿನ ಆಸ್ಪತ್ರೆಗಳು ನಮಗೆ ತಲೆಮಾರುಗಳಿಂದ ವಾಡಿಕೆಯ ದಾರಿ. ಭಯ ಸುಳ್ಳೆಂದು ನಾವು ಹೇಳುವುದಿಲ್ಲ. ಉಚ್ಚ ನ್ಯಾಯಾಲಯದಲ್ಲಿಯೂ ಸುಪ್ರೀಂ ಕೋರ್ಟಿನಲ್ಲಿಯೂ ವಿಚಾರಣೆ ನಡೆದು, ಏಪ್ರಿಲ್ ತಿಂಗಳಲ್ಲಿ ರೋಗಿಗಳಿಗೆ ನಿಬಂಧನೆಗಳೊಡನೆ ದಾರಿ ತೆರೆಯಿತು. ಅಷ್ಟರೊಳಗೆ ಕೆಲವು ಮನೆಗಳಲ್ಲಿ ದೀಪ ಆರಿತ್ತು. ದಾರಿಯನ್ನು ಮುಚ್ಚುವ ದಿನವೇ ರೋಗಿಗೆ ರಹದಾರಿಯನ್ನು ಬರೆದಿಡಬೇಕೆಂದು ನಮ್ಮ ಸಂಘವು ಎರಡು ಸರ್ಕಾರಗಳಿಗೂ ಮನವಿ ಮಾಡುವುದು ಯುಕ್ತವೆಂದು ತೋರುತ್ತದೆ.

ನಮ್ಮ ಶಿಷ್ಯನು ಈಗ ಕೆನಡಾದ ವೀಸಾಕ್ಕೆ ಅರ್ಜಿ ಹಾಕಿದ್ದಾನೆ. ಫೋರ್ಟ್ ಫ್ರಾನ್ಸಿಸ್ಸಿನ ಠಾಣೆಯಲ್ಲಿ ರಸ್ತೆಯಿಂದಲೇ ಗಡಿ ದಾಟಿ, ಅಟಿಕೋಕನ್ ಊರಿನ ಕಡೆಯಿಂದ ಕ್ವೆಟಿಕೊವನ್ನು ಹೊಗುವನಂತೆ. ದೂರದ ಸುತ್ತು, ಆದರೆ ಆ ಎದುರು ದಡದಲ್ಲಿ ಒಂದು ರಾತ್ರಿ ತಂಗಲೇಬೇಕೆಂದು ಬರೆದಿದ್ದಾನೆ.