ಮಕ್ಕಳು ಹೆಸರು ಬರೆಸಿದರೆ ತಾಯಂದಿರು ಹೆದರಬೇಡಿ

(ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಹಲವರ ಮಕ್ಕಳು ಈಗ ಕಾಲೇಜಿಗೆ ಹೋಗ್ತಿದ್ದಾರೆ. ಒಂದು ದಿನ ಮಗಳು ಬಂದು, "ಅಮ್ಮಾ, ಸ್ಟೆಮ್ ಸೆಲ್ ದಾನಕ್ಕೆ ಹೆಸರು ಬರೆಸಿ ಬಂದೆ" ಅಂದರೆ ಏನು ಹೇಳ್ತೀರಿ? "ಮೂಳೆ ಕೊರೀತಾರಂತೆ, ನಾಳೆ ಮದುವೆ ಆಗೋ ಹುಡುಗಿ, ನಿನಗ್ಯಾಕೆ ಇದೆಲ್ಲ?" ಅಂತ ಗದರಬಹುದು. ಅದಕ್ಕೇ ಈ ವಿಷಯ ಮೊದಲು ನಿಮಗೆ ಹೇಳ್ತಿದ್ದೇನೆ.

ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತ ತಯಾರಾಗುತ್ತದೆ. ಅದಕ್ಕೆ ಬೀಜದಂತಿರುವ ಕೋಶಗಳೇ ಸ್ಟೆಮ್ ಸೆಲ್. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ ಇರುವ ಅನೇಕರು ಬೇರೆಯವರ ಸ್ಟೆಮ್ ಸೆಲ್ ಪಡೆದು ಗುಣವಾಗಬಹುದು. ಆದರೆ ರಕ್ತದ ಗುಂಪು ಒಂದೇ ಇದ್ದರೆ ಸಾಲದು, ಎಚ್‌ಎಲ್‌ಎ ಎಂಬ ಗುರುತು ಹೊಂದಬೇಕು. ಒಡಹುಟ್ಟಿದವರಲ್ಲೂ ಒಬ್ಬೊಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಹೊರಗೆ ಹುಡುಕುವಾಗ ನಮ್ಮವರಿಗೆ ನಮ್ಮ ದೇಶದವರೇ ಹೊಂದುವುದು ಹೆಚ್ಚು. ಅದಕ್ಕಾಗಿಯೇ ಚೆನ್ನೈಯಲ್ಲಿ 2009ರಲ್ಲಿ ಶುರುವಾದ 'ದಾತ್ರಿ'ಯಂಥ ಸಂಸ್ಥೆಗಳು ದಾನಿಗಳ ಹೆಸರು ನೋಂದಾಯಿಸುತ್ತಿವೆ.

18 ವರ್ಷ ತುಂಬಿದ ಆರೋಗ್ಯವಂತರು ಫಾರಂ ತುಂಬಿ, ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಉಜ್ಜಿ ಕೊಟ್ಟರೆ ನೋಂದಣಿ ಮುಗಿಯಿತು. ಹೆಚ್ಚಿನವರಿಗೆ ಮುಂದೆ ಕರೆ ಬರುವುದೇ ಇಲ್ಲ. ಯಾರಿಗಾದರೂ ಹೊಂದಿಕೆಯಾದರೆ ಮಾತ್ರ ಕರೆಯುತ್ತಾರೆ. ಆಗ ಸಾಮಾನ್ಯವಾಗಿ ಐದು ದಿನ ಇಂಜೆಕ್ಷನ್ ಕೊಡುತ್ತಾರೆ. ಮೈಕೈ ನೋವು, ತಲೆನೋವು ಬರಬಹುದು, ಸುಳ್ಳು ಹೇಳೋದಿಲ್ಲ. ಆಮೇಲೆ ತೋಳಿನ ರಕ್ತವನ್ನು ಯಂತ್ರದಲ್ಲಿ ಹಾಯಿಸಿ, ಬೇಕಾದ ಕೋಶಗಳನ್ನಷ್ಟೇ ತೆಗೆದುಕೊಂಡು, ಉಳಿದ ರಕ್ತವನ್ನು ವಾಪಸು ದೇಹಕ್ಕೇ ಬಿಡುತ್ತಾರೆ. ಇದಕ್ಕೆ ಕೆಲವು ಗಂಟೆ ಬೇಕು. ಕೆಲವರಿಂದ ಮಾತ್ರ ಅರಿವಳಿಕೆ ಕೊಟ್ಟು ಸೊಂಟದ ಹಿಂದಿನ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ. ಬೆನ್ನುಹುರಿ ಮುಟ್ಟೋದಿಲ್ಲ. ಕೊಟ್ಟಷ್ಟು ಕೋಶ ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಮುಂದೆ ಮಕ್ಕಳಾಗಲು ಇದರಿಂದ ಅಡ್ಡಿಯಿಲ್ಲ. ದಾನಿಗೆ ಖರ್ಚೂ ಇಲ್ಲ.

ಈಗ ಮುಖ್ಯ ಮಾತು ಕೇಳಿ. ಹೊಸ ಕೋಶ ಕೊಡುವ ಮೊದಲು ಬಲವಾದ ಔಷಧಿಯಿಂದ ರೋಗಿಯ ಸ್ವಂತ ಮಜ್ಜೆಯನ್ನು ಇಲ್ಲವಾಗಿಸುತ್ತಾರೆ. ಬೇಡ ಅನ್ನುವ ಹಕ್ಕು ದಾನಿಗೆ ಕೊನೆಯವರೆಗೂ ಇದೆ, ನಿಜ. ಆದರೆ ಆ ಹೊತ್ತಿನಲ್ಲಿ ಮನೆಯವರು ಹೆದರಿ ದಾನಿಯನ್ನು ತಡೆದರೆ, ಆಸ್ಪತ್ರೆಯಲ್ಲಿ ಕಾಯುತ್ತಿರುವ ಇನ್ನೊಬ್ಬ ತಾಯಿಯ ಮಗು ಉಳಿಯುವುದೇ ಕಷ್ಟ.

ಸಂಘದಲ್ಲಿ ಸಾಲಕ್ಕೆ ಸಹಿ ಹಾಕುವ ಮೊದಲು ಮನೆಯಲ್ಲಿ ಮಾತಾಡ್ತೀವಲ್ಲ, ಇದೂ ಹಾಗೇ. ಮಕ್ಕಳು ಹೆಸರು ಕೊಡುವ ಮೊದಲೇ ಮನೆಮಂದಿ ಕೂತು ಮಾತಾಡಿ. ಸಂಶಯವಿದ್ದರೆ ವೈದ್ಯರನ್ನು ಕೇಳಿ. ಒಪ್ಪಿದರೆ ಮನಸಾರೆ ಒಪ್ಪಿ, ಕರೆ ಬಂದ ದಿನ ನೀವೇ ಜೊತೆಗೆ ಹೋಗಿ.