ದಡ್ಡನೆಂಬ ಹಣೆಪಟ್ಟಿಯ ಹಿಂದೆ

(ಧಾರವಾಡ ಸಮೀಪದ ಸತ್ತೂರಿನಲ್ಲಿ ಹೆತ್ತವರು ಮತ್ತು ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಈ ಸತ್ತೂರಿನಲ್ಲಿ ವೈದ್ಯಕೀಯ ಕಾಲೇಜಿದೆ, ದಂತ ವೈದ್ಯಕೀಯ ಕಾಲೇಜಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಮಗುವಿಗೆ ಜ್ವರ ಬಂದರೆ, ಹಲ್ಲು ನೋವಾದರೆ ಎಲ್ಲಿಗೆ ಹೋಗಬೇಕೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಆದರೆ ಮೂರನೇ ತರಗತಿಯ ಮಗು ಮಾತಿನಲ್ಲಿ ಚುರುಕಾಗಿದ್ದೂ ಪುಸ್ತಕ ತೆರೆದೊಡನೆ ತಡವರಿಸತೊಡಗಿದರೆ ನಾವು ಅದಕ್ಕೆ ಒಂದೇ ಹೆಸರು ಕೊಡುತ್ತೇವೆ: ದಡ್ಡ. ಕೆಲವು ವರ್ಷಗಳ ನಂತರ ಆ ಹುಡುಗ ಗ್ಯಾರೇಜಿನಲ್ಲಿರುತ್ತಾನೆ. ಹುಡುಗಿಯಾದರೆ ಮನೆಯಲ್ಲಿ ಮದುವೆಯ ಮಾತು ಶುರುವಾಗಿರುತ್ತದೆ. ಶಾಲೆ ಬಿಟ್ಟವರ ಪಟ್ಟಿಯಲ್ಲಿ ಬಡತನವೆಂದು ಬರೆಯಲಾಗುತ್ತದೆ. ಬಡತನ ಸುಳ್ಳಲ್ಲ. ಆದರೆ ಅದೇ ಪೂರ್ಣ ಉತ್ತರವೂ ಅಲ್ಲ.

ಬುದ್ಧಿಶಕ್ತಿ ಸಾಮಾನ್ಯವಾಗಿದ್ದೂ ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ಎಡವುವ ಮಕ್ಕಳಿದ್ದಾರೆ. ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ, ಡಿಸ್‌ಕ್ಯಾಲ್ಕುಲಿಯಾ ಎಂಬ ಹೆಸರುಗಳನ್ನು ತಾವು ಕೇಳಿರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. 1995ರ ಹಳೆಯ ಕಾಯ್ದೆಯಲ್ಲಿ ಇದಕ್ಕೆ ಸ್ಥಾನವೇ ಇರಲಿಲ್ಲ. ಅಂದರೆ ಒಂದಿಡೀ ತಲೆಮಾರು ಕಾನೂನಿನ ಕಣ್ಣಿಗೂ ಬೀಳದೆ ಬೆತ್ತದ ಏಟು ತಿಂದೇ ಶಾಲೆಯಿಂದ ಹೊರನಡೆಯಿತು.

ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಈ ಭಾಗದ ಮುಸ್ಲಿಮ್ ಮನೆಗಳಲ್ಲಿ ಆಡುವ ಮಾತು ಬಹುತೇಕ ದಖ್ಖನಿ. ಶಾಲೆಯಲ್ಲಿ ಕನ್ನಡ ಅಥವಾ ಉರ್ದು, ಅದರೊಂದಿಗೆ ಇಂಗ್ಲಿಷ್, ಮುಂದೆ ಹಿಂದಿ. ಮದ್ರಸದಲ್ಲಿ ಅರಬಿ. ಎಡದಿಂದ ಬಲಕ್ಕೆ ಓಡುವ ಲಿಪಿ ಬೆಳಿಗ್ಗೆ, ಬಲದಿಂದ ಎಡಕ್ಕೆ ಓಡುವ ಲಿಪಿ ಸಂಜೆ. ಹೆಚ್ಚಿನ ಮಕ್ಕಳು ಇದನ್ನು ನಿಭಾಯಿಸುತ್ತಾರೆ, ಬಹುಭಾಷೆ ರೋಗವಲ್ಲ. ಆದರೆ ಎಡವಿದ ಮಗುವಿನ ವಿಷಯದಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಕನ್ನಡ ಕೇಳಿಯೇ ಗೊತ್ತಿಲ್ಲದ ಮಗುವನ್ನು ಮಂದಬುದ್ಧಿಯೆನ್ನುವುದು ಒಂದು. ನಿಜವಾದ ಕಲಿಕಾ ನ್ಯೂನತೆಯಿರುವ ಮಗುವನ್ನು, ಮನೆಮಾತು ಬೇರೆ, ನಿಧಾನವಾಗಿ ಬರುತ್ತದೆ ಎಂದು ವರ್ಷಗಟ್ಟಲೆ ಬಿಟ್ಟುಬಿಡುವುದು ಇನ್ನೊಂದು. ಎರಡನೆಯದೇ ಹೆಚ್ಚು ಅಪಾಯಕಾರಿ. ಮಗು ಎಲ್ಲ ಲಿಪಿಗಳಲ್ಲೂ ಒಂದೇ ರೀತಿ ತಡವರಿಸುತ್ತಿದೆಯೇ, ಗುಣಿತಾಕ್ಷರ, ಒತ್ತಕ್ಷರಗಳನ್ನು ಎಷ್ಟು ಕಲಿಸಿದರೂ ಮರುದಿನ ಮರೆಯುತ್ತಿದೆಯೇ, ಓದಿ ಹೇಳಿದರೆ ಅರ್ಥ ಮಾಡಿಕೊಳ್ಳುತ್ತದೆಯೇ ಎಂದು ಗಮನಿಸಿದರೆ ಸಂದೇಹಕ್ಕೆ ಆಧಾರ ಸಿಗುತ್ತದೆ. ಇದಕ್ಕೆ ಶಾಲೆಯ ಶಿಕ್ಷಕರೂ ಮದ್ರಸದ ಉಸ್ತಾದರೂ ಒಮ್ಮೆ ಕುಳಿತು ಮಾತಾಡಬೇಕು. ಒಂದೇ ಮಗುವಿಗೆ ಕಲಿಸುವ ಇವರಿಬ್ಬರು ಪರಸ್ಪರ ಮುಖ ನೋಡಿರುವುದೇ ಅಪರೂಪ! ಮೊದಲು ಕಣ್ಣು, ಕಿವಿಗಳ ತಪಾಸಣೆಯಾಗಲಿ. ನಂತರ ಮನಶ್ಶಾಸ್ತ್ರಜ್ಞರ ಪರೀಕ್ಷೆ. 2018ರ ಕೇಂದ್ರ ಮಾರ್ಗಸೂಚಿಯು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯನ್ನೇ ಇದಕ್ಕೆ ನಿಗದಿಪಡಿಸಿತು.

ಪ್ರಮಾಣಪತ್ರ ಸಿಕ್ಕರೆ ಕೆಲಸ ಮುಗಿಯಿತೆಂದು ತಿಳಿಯುವವರೇ ಅಧಿಕ. ವಾಸ್ತವದಲ್ಲಿ ಕೆಲಸ ಅಲ್ಲಿಂದ ಆರಂಭವಾಗುತ್ತದೆ. ಅಮೇರಿಕಾ 1975ರಲ್ಲೇ ಅಂಥ ಪ್ರತಿ ಮಗುವಿಗೂ ಲಿಖಿತ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ಕಾನೂನಿನಲ್ಲಿ ಕಡ್ಡಾಯಗೊಳಿಸಿತು. ಯೋಜನೆಯೆಂದರೆ ದೊಡ್ಡ ಕಡತವಲ್ಲ. ಮಗು ಈಗ ಎಲ್ಲಿದೆ, ಮೂರು ತಿಂಗಳಲ್ಲಿ ಎಲ್ಲಿಗೆ ತಲುಪಬೇಕು, ಯಾರು, ವಾರಕ್ಕೆ ಎಷ್ಟು ಹೊತ್ತು ಕಲಿಸುತ್ತಾರೆ ಎಂಬಿಷ್ಟು ಒಂದು ಹಾಳೆಯಲ್ಲಿರಲಿ. 'ಓದು ಸುಧಾರಿಸಬೇಕು' ಎಂದು ಬರೆದರೆ ಏನೂ ಬರೆದಂತಲ್ಲ. 'ಒತ್ತಕ್ಷರವಿಲ್ಲದ ಇಪ್ಪತ್ತು ಪದಗಳನ್ನು ತಡೆಯಿಲ್ಲದೆ ಓದಬೇಕು' ಎಂದು ಬರೆದರೆ ಅಳೆಯಬಹುದು. ಆ ಹಾಳೆಗೆ ತಾಯಿಯ ಸಹಿಯೂ ಬೇಕು. ತಾಯಿಗೆ ಓದಲು ಬಾರದಿದ್ದರೆ ಓದಿ ಹೇಳುವುದು ಶಾಲೆಯ ಕರ್ತವ್ಯ.

ಇನ್ನು ನಮ್ಮ ಸಂಸ್ಥೆಗಳ ಆಡಳಿತ ಮಂಡಳಿಗಳಿಗೆ ಒಂದು ಮಾತು. 2012ರ ತಿದ್ದುಪಡಿಯು ಮದ್ರಸಗಳನ್ನು ಶಿಕ್ಷಣ ಹಕ್ಕು ಕಾಯ್ದೆಯಿಂದ ಹೊರಗಿಟ್ಟಿತು. 2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಶಾಲೆಗಳನ್ನೂ ಹೊರಗಿಟ್ಟಿತು. ಅದನ್ನು ಮರುಪರಿಶೀಲಿಸಬೇಕೆಂದು 2025ರಲ್ಲಿ ಅದೇ ಕೋರ್ಟಿನ ಪೀಠವೊಂದು ಹೇಳಿದೆ. ಅದರ ಫಲಿತಾಂಶ ಏನೇ ಇರಲಿ, 2016ರ ಕಾಯ್ದೆಯ 16ನೇ ಕಲಮು ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳ ಬಗ್ಗೆ ಮಾತಾಡುತ್ತದೆ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಹಚ್ಚಬೇಕೆಂದು ಅದರಲ್ಲಿದೆ. ಅಲ್ಪಸಂಖ್ಯಾತರ ಹಕ್ಕಿನ ಹೆಸರಿನಲ್ಲಿ ನಮ್ಮದೇ ದುರ್ಬಲ ಮಕ್ಕಳಿಂದ ನಾವು ತಪ್ಪಿಸಿಕೊಳ್ಳಬಾರದು.

ಸರಕಾರವೂ ಉತ್ತರಿಸಬೇಕಾಗಿದೆ. ಐದು ವರ್ಷಗಳಿಗೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಬೇಕೆಂದು 17ನೇ ಕಲಮು ಹೇಳುತ್ತದೆ. ನಮ್ಮ ತಾಲೂಕಿನ ಅಂಕಿಅಂಶ ಎಲ್ಲಿದೆಯೆಂದು ಮಾಹಿತಿ ಹಕ್ಕಿನಡಿ ಕೇಳಲು ಹತ್ತು ರೂಪಾಯಿ ಸಾಕು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ ಅದೇ ಕಲಮಿನಲ್ಲಿವೆ. ಲಿಪಿಕಾರರನ್ನು ಪಡೆಯಲು ಶೇಕಡಾ 40ರ ನ್ಯೂನತೆ ಇರಲೇಬೇಕೆಂಬ ವಾದವನ್ನು 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ವಾರ ಪ್ರಮಾಣಪತ್ರಕ್ಕಾಗಿ ಓಡಾಡಿದರೆ ಇವೆಲ್ಲ ಕೈಗೆ ಸಿಗುವುದು ಕಷ್ಟ. ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಯಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ವಿಚಾರಿಸಿರಿ. ನಾಲ್ಕನೇ ತರಗತಿಯಲ್ಲಿರುವಾಗಲೇ ವಿಚಾರಿಸಿರಿ.