ಅಪ್ಪನ ಕ್ಯಾಮೆರಾ, ಮಗಳ ಮುಖ

(ಹವ್ಯಾಸಿ ಛಾಯಾಗ್ರಾಹಕರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಇಲ್ಲಿ ಸೇರಿರುವ ಬಹುತೇಕರ ಮನೆಗಳಲ್ಲಿ ಒಂದು ಹಳೆಯ ಆಲ್ಬಂ ಇದ್ದೇ ಇರುತ್ತದೆ. ಮೊದಲ ಪುಟಗಳಲ್ಲಿ ಮದುವೆ, ಆಮೇಲೆ ನಾಮಕರಣ. ಅದಾದ ಮೇಲೆ ಆರೇಳು ತಿಂಗಳ ಕೂಸೊಂದು ಸ್ಟುಡಿಯೋದ ಮೇಜಿನ ಮೇಲೆ ಬೋರಲಾಗಿ ಮಲಗಿ, ಮೈಮೇಲೆ ಉಡಿದಾರದ ಹೊರತು ಮತ್ತೇನೂ ಇಲ್ಲದೆ, ಕೆನ್ನೆಯಲ್ಲಿ ದೃಷ್ಟಿಬೊಟ್ಟು ಹೊತ್ತು ಕತ್ತೆತ್ತಿ ನೋಡುವ ಚಿತ್ರ. ಆ ಕೂಸಿಗೆ ಈಗ ಐವತ್ತೋ ಅರವತ್ತೋ ವರ್ಷ. ಹೊಸ ಬೀಗರು ಬಂದಾಗ ಅಮ್ಮ ಬೀರುವಿನಿಂದ ಆಲ್ಬಂ ತೆಗೆದರೆ ಆ ಹಿರಿಯರು ಮೆಲ್ಲಗೆ ಎದ್ದು ಹೊರಗೆ ಹೋಗುತ್ತಾರೆ. ನಗುವ ಸಂಗತಿಯೇ ಹೌದು. ಆದರೆ ಆ ಚಿತ್ರ ಯಾರಿಗೆ ಸೇರಿದ್ದು? ದುಡ್ಡು ಕೊಟ್ಟು ತೆಗೆಸಿದ ಅಪ್ಪನಿಗೋ, ಅದರಲ್ಲಿರುವ ಮಗುವಿಗೋ? ಈ ಪ್ರಶ್ನೆಯನ್ನು ನಗುತ್ತ ತಳ್ಳಿಹಾಕುವಂತಿಲ್ಲ.

ಕ್ಯಾಮೆರಾ ಸಂಸಾರಸ್ಥರ ಕೈಗೆ ಬಂದ ಕತೆ ಎಲ್ಲರಿಗೂ ಹೆಚ್ಚುಕಡಿಮೆ ಗೊತ್ತಿರುವುದೇ. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ನೂರು ಚಿತ್ರಗಳ ಸುರುಳಿ ತುಂಬಿದ ಕೊಡಕ್ ಕ್ಯಾಮೆರಾವನ್ನು 25 ಡಾಲರಿಗೆ ಮಾರಿದ. 1900ರಲ್ಲಿ ಬಂದ ಬ್ರೌನಿ ಎಂಬ ಪೆಟ್ಟಿಗೆ ಕ್ಯಾಮೆರಾದ ಬೆಲೆ ಒಂದೇ ಡಾಲರ್. ಅದರ ಜಾಹೀರಾತುಗಳು ನೇರವಾಗಿ ಮಕ್ಕಳನ್ನೇ ಕರೆದವು. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಆ ಕೆಲಸವನ್ನು ಬಹಳ ತಡವಾಗಿ ಮಾಡಿದ್ದು ಅಗ್ಫಾ ಕ್ಲಿಕ್ 3. ಒಂದು ರೋಲಿಗೆ 12 ಚಿತ್ರ. ಯುಗಾದಿ, ಗೌರಿಹಬ್ಬ, ದೀಪಾವಳಿ ಮೂರೂ ಒಂದೇ ರೋಲಿನಲ್ಲಿ ಇರುತ್ತಿದ್ದವು. ಊಟಿಯಲ್ಲಿದ್ದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮನ್ನು ಹಾಕಿ, ಹನ್ನೆರಡನೆಯದನ್ನು ಯಾರಿಗಾಗಿ ಉಳಿಸಬೇಕೆಂದು ಮನೆಯಲ್ಲಿ ಚರ್ಚೆ ನಡೆಯುತ್ತಿತ್ತು. ಫೋಟೊ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಬೈಯುವ ಅಜ್ಜಿಯೂ ಒಬ್ಬಳಿರುತ್ತಿದ್ದಳು. ಒಬ್ಬರ ಮುಖ ಇನ್ನೊಬ್ಬರ ಕೈಗೆ ಹೋಗುವುದೆಂದರೆ ಅದು ಸಣ್ಣ ವಿಷಯವಲ್ಲ ಎಂಬ ಅಳುಕು ಆ ಬೈಗುಳದಲ್ಲಿ ಇದ್ದಿರಬೇಕು.

ಭಾರತದಲ್ಲಿ ಮನೆಮಂದಿಯ ಚಿತ್ರ ತೆಗೆಯುವುದನ್ನೇ ಜೀವಮಾನದ ಹವ್ಯಾಸವಾಗಿಸಿಕೊಂಡ ಒಬ್ಬ ತಂದೆಯ ಕಡೆಗೆ ಈಗ ನೋಡಬೇಕು. ಹೆಸರು ಉಮ್ರಾವ್ ಸಿಂಗ್ ಶೇರ್‌ಗಿಲ್. 1870ರಲ್ಲಿ ಪಂಜಾಬಿನ ಮಜೀಠಿಯಾ ಸರದಾರರ ಮನೆತನದಲ್ಲಿ ಹುಟ್ಟಿದವರು. ಸಂಸ್ಕೃತ, ಪಾರ್ಸಿ ಬಲ್ಲ ವಿದ್ವಾಂಸರು. 1912ರಲ್ಲಿ ಹಂಗೆರಿಯ ಗಾಯಕಿ ಮರಿ ಆಂತ್ವಾನೆತ್ತ್ ಅವರನ್ನು ಮದುವೆಯಾದರು. ಮರುವರ್ಷ ಬುಡಾಪೆಸ್ಟಿನಲ್ಲಿ ಹಿರಿಯ ಮಗಳು ಅಮೃತಾ, 1914ರಲ್ಲಿ ಇಂದಿರಾ ಹುಟ್ಟಿದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಸಂಸಾರ ಹಂಗೆರಿಯಲ್ಲೇ ಸಿಕ್ಕಿಬಿತ್ತು. ಭಾರತಕ್ಕೆ ಬರಲು ಸಾಧ್ಯವಾದದ್ದು 1921ರಲ್ಲಿ. ಶಿಮ್ಲಾದಲ್ಲಿ ಮನೆ ಮಾಡಿದರು. 1929ರಲ್ಲಿ ಮಕ್ಕಳ ಓದಿಗೆಂದು ಪ್ಯಾರಿಸ್‌ಗೆ ಹೊರಟರು. ಈ ಅಲೆದಾಟದ ಉದ್ದಕ್ಕೂ ಉಮ್ರಾವ್ ಸಿಂಗರ ಕ್ಯಾಮೆರಾ ಜೊತೆಗಿತ್ತು.

ಅವರು ಸ್ಟುಡಿಯೋ ಇಟ್ಟವರಲ್ಲ, ಚಿತ್ರ ಮಾರಿದವರೂ ಅಲ್ಲ. ವೇಷ ತೊಟ್ಟ ಮಕ್ಕಳು, ರೇಷ್ಮೆಯುಟ್ಟ ಹೆಂಡತಿ, ಪಿಯಾನೊ, ಪುಸ್ತಕದ ರಾಶಿ, ಕ್ಯಾನ್ವಾಸಿನ ಮುಂದೆ ಕುಂಚ ಹಿಡಿದ ಹರೆಯದ ಮಗಳು, ಹೀಗೆ ಕಣ್ಣೆದುರಿನ ಬದುಕೇ ಅವರ ವಸ್ತು. ಬಣ್ಣದ ಚಿತ್ರ ಕೊಡುತ್ತಿದ್ದ ಆಟೊಕ್ರೋಮ್ ಗಾಜಿನ ಫಲಕಗಳನ್ನೂ ಬಳಸಿದರು. ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟದ ಕಣಗಳನ್ನು ಲೇಪಿಸಿ ತಯಾರಿಸುತ್ತಿದ್ದ ಈ ಫಲಕಗಳಿಗೆ ಬೆಳಕು ಬಹಳ ಬೇಕು. ಚಿತ್ರ ಮೂಡಲು ಕೆಲವು ಸೆಕೆಂಡುಗಳೇ ಹಿಡಿಯುತ್ತಿದ್ದವು. ಅಷ್ಟು ಹೊತ್ತು ಮಗು ಅಲುಗಾಡದೆ ಕೂರಬೇಕು. ಅಂದರೆ ಕದ್ದು ತೆಗೆಯುವ ಮಾತೇ ಇಲ್ಲ. ಮಗು ಒಪ್ಪಿ ಕೂತರೆ ಮಾತ್ರ ಚಿತ್ರ. ಇಂದಿನ ಮೊಬೈಲಿನಲ್ಲಿ ಮಗು ಅಳುತ್ತಿದ್ದರೂ, ಸ್ನಾನ ಮಾಡುತ್ತಿದ್ದರೂ, ನಿದ್ದೆಯಲ್ಲಿದ್ದರೂ ಚಿತ್ರ ಬರುತ್ತದೆ. ಯಂತ್ರ ಸುಲಭವಾದಷ್ಟೂ ಮಗುವನ್ನು ಕೇಳುವ ಅಗತ್ಯ ತಪ್ಪುತ್ತಾ ಬಂತು.

ಇನ್ನೊಂದು ಸಂಗತಿಯನ್ನು ಇಲ್ಲಿರುವ ಹವ್ಯಾಸಿಗಳು ವಿಶೇಷವಾಗಿ ಗಮನಿಸಬೇಕು. ಉಮ್ರಾವ್ ಸಿಂಗ್ ಎಷ್ಟು ಸಲ ಮಕ್ಕಳನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದರೋ, ಅಷ್ಟೇ ಛಲದಿಂದ ತಾವೂ ನಿಂತರು. ಯೋಗಾಸನದ ಭಂಗಿಯಲ್ಲಿ ಬರಿಮೈಯಲ್ಲಿ, ಗಡ್ಡ ನೆರೆತ ಮುದಿತನದಲ್ಲಿ, ಮೇಜಿನ ಮುಂದೆ ಒಂಟಿಯಾಗಿ ಕೂತು ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡರು. ಮಕ್ಕಳನ್ನು ನೋಡಿದ ಕಣ್ಣಿನಿಂದ ತಮ್ಮನ್ನೂ ಬಿಡಲಿಲ್ಲ. ಮನೆಯ ಆಲ್ಬಂಗಳಲ್ಲಿ ಅಪ್ಪನೇ ಕಾಣೆಯಾಗಿರುವುದು ಸಾಮಾನ್ಯ. ಅವನು ಯಾವಾಗಲೂ ಕ್ಯಾಮೆರಾದ ಹಿಂದೆ ಇರುತ್ತಾನೆ. ಈ ಅಪ್ಪ ಹಾಗೆ ತಪ್ಪಿಸಿಕೊಳ್ಳಲಿಲ್ಲ.

ಹೀಗೆ ಚಿಕ್ಕಂದಿನಿಂದ ಅಪ್ಪನ ಕ್ಯಾಮೆರಾಕ್ಕೆ ಮುಖ ಕೊಟ್ಟು ಬೆಳೆದ ಹುಡುಗಿ ಮುಂದೆ ತನ್ನ ಮುಖವನ್ನು ತಾನೇ ಮತ್ತೆ ಮತ್ತೆ ಬರೆದಳು. ಪ್ಯಾರಿಸ್‌ನ ದಿನಗಳಿಂದ ಅಮೃತಾ ಶೇರ್‌ಗಿಲ್ ಹಲವು ಸ್ವಂತ ಭಾವಚಿತ್ರಗಳನ್ನು ರಚಿಸಿದರು. 1934ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ತಮ್ಮನ್ನು ತಹೀತಿ ದ್ವೀಪದ ಹೆಣ್ಣಾಗಿ, ತೆರೆದೆದೆಯಲ್ಲಿ ಚಿತ್ರಿಸಿಕೊಂಡರು. ಅದು ನಾಚಿಕೆಗೇಡೆಂದು ಮೂಗುಮುರಿಯುವವರು ಒಂದು ಮಾತು ನೆನಪಿಡಬೇಕು: ಹೇಗೆ ಕಾಣಿಸಿಕೊಳ್ಳಬೇಕೆಂದು ಅಲ್ಲಿ ತೀರ್ಮಾನಿಸಿದವರು ಆಕೆಯೇ. ಉಡಿದಾರದ ಕೂಸಿಗೆ ಆ ಭಾಗ್ಯ ಇರಲಿಲ್ಲ.

ಮಗುವಿನ ಚಿತ್ರದ ವಿಷಯ ಈಗ ಕಾನೂನಿನ ಕಟ್ಟೆಯನ್ನೂ ಏರಿದೆ. ಮಕ್ಕಳ ಖಾಸಗಿತನವನ್ನು ಒಪ್ಪುವ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರಲ್ಲೇ ಸೇರಿತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಹದಿನೆಂಟು ತುಂಬದವರ ಮಾಹಿತಿ ಬಳಸಲು ತಂದೆತಾಯಿಯರ ಒಪ್ಪಿಗೆ ಬೇಕೆನ್ನುತ್ತದೆ. ಆದರೆ ವ್ಯಕ್ತಿಯೊಬ್ಬರ ಸ್ವಂತ ಅಥವಾ ಮನೆಬಳಕೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಕಂಪನಿಯಿಂದ ಮಗುವನ್ನು ಕಾಯಲು ಅಪ್ಪ ಅಮ್ಮ ಇದ್ದಾರೆ, ಸರಿ. ಅಪ್ಪ ಅಮ್ಮನ ಉತ್ಸಾಹದಿಂದ ಕಾಯುವವರು ಯಾರು? ಫ್ರಾನ್ಸ್ ಇದಕ್ಕೆ 2024ರ ಫೆಬ್ರುವರಿಯಲ್ಲಿ ಒಂದು ಕಾನೂನು ಮಾಡಿತು. ಮಗುವಿನ ಚಿತ್ರದ ಹಕ್ಕನ್ನು ತಾಯ್ತಂದೆ ಇಬ್ಬರೂ ಸೇರಿ ಕಾಪಾಡಬೇಕು, ವಯಸ್ಸಿಗೂ ತಿಳಿವಳಿಕೆಗೂ ತಕ್ಕಂತೆ ಮಗುವನ್ನೂ ಕೇಳಬೇಕು ಎನ್ನುತ್ತದೆ ಅದು. ಅವರಿಬ್ಬರಲ್ಲಿ ಒಮ್ಮತವಿಲ್ಲದಿದ್ದರೆ, ಒಬ್ಬರು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಚಿತ್ರ ಹರಡದಂತೆ ನ್ಯಾಯಾಧೀಶರು ತಡೆಯಬಹುದು. ಮನೆಯೊಳಗೆ ಕಾನೂನು ಕಾಲಿಡುವುದು ಅತಿಯಾಯಿತು ಎಂಬ ವಾದ ಇದ್ದೇ ಇದೆ. ಮಕ್ಕಳ ಚಿತ್ರ ತೆಗೆಯದ ಮನೆ ಎಂಥ ಬರಡು ಮನೆ ಎಂಬ ಮಾತಿನಲ್ಲೂ ಹುರುಳಿದೆ. ಆದರೆ ತೆಗೆಯುವುದು ಬೇರೆ, ಹಂಚುವುದು ಬೇರೆ. ಬೀರುವಿನಲ್ಲಿದ್ದ ಆಲ್ಬಂ ನೋಡಬೇಕಾದರೆ ಮನೆಗೇ ಬರಬೇಕಿತ್ತು, ಕಾಫಿ ಕುಡಿಯಬೇಕಿತ್ತು.

ಹಾಗಾದರೆ ಉಮ್ರಾವ್ ಸಿಂಗ್ ಆದರ್ಶ ತಂದೆಯೇ? ಕತೆಯ ಕಷ್ಟದ ಭಾಗ ಇರುವುದು ಇಲ್ಲೇ. 1934ರಲ್ಲಿ ಮಗಳು ಭಾರತಕ್ಕೆ ಮರಳುವ ಮಾತೆತ್ತಿದಾಗ ಅವರಿಗೆ ಅದು ಹಿಡಿಸಲಿಲ್ಲ. ಆಕೆಯ ಸ್ವಚ್ಛಂದ ನಡವಳಿಕೆಯಿಂದ ಮನೆತನದ ಹೆಸರು ಕೆಡುತ್ತದೆಂಬ ಭಯ. ಮಕ್ಕಳ ಮೇಲಿನ ಮಮತೆಗಿಂತ ಹೆಸರೇ ನಿಮಗೆ ದೊಡ್ಡದಾಯಿತಲ್ಲ ಎಂಬ ಬೇಸರವನ್ನು ಅಮೃತಾ ಅಪ್ಪನಿಗೆ ಪತ್ರದಲ್ಲೇ ತಿಳಿಸಿದರು. ಬೇಸರದಲ್ಲೂ ಹೊರಟು ಬಂದರು. 1938ರಲ್ಲಿ ಸೋದರಸಂಬಂಧಿ ವಿಕ್ಟರ್ ಎಗನ್ ಅವರನ್ನು ಮದುವೆಯಾಗಲು ಹಂಗೆರಿಗೆ ಹೋದಾಗ, ತಮಗೆ ಬಂದಿದ್ದ ಪತ್ರಗಳ ಕಟ್ಟನ್ನು ಶಿಮ್ಲಾದ ಮನೆಯಲ್ಲಿ ಬಿಟ್ಟಿದ್ದರು. ಜವಾಹರಲಾಲ್ ನೆಹರೂ ಬರೆದ ಪತ್ರಗಳೂ ಅದರಲ್ಲಿದ್ದವು. ಅಪ್ಪ ಅಮ್ಮ ಅವನ್ನು ಓದಿ ಸುಟ್ಟುಹಾಕಿದರು.

ಮಗಳ ಒಂದೊಂದು ಮುಖಭಾವವನ್ನೂ ಗಾಜಿನ ಮೇಲೆ ಜತನದಿಂದ ಉಳಿಸಿದ ಮನೆ, ಆಕೆಯ ಪತ್ರಗಳನ್ನು ಬೂದಿ ಮಾಡಿತು. ಇದನ್ನು ಬರಿ ಕ್ರೌರ್ಯವೆಂದರೆ ತಪ್ಪಾದೀತು. ಎರಡನ್ನೂ ಅವರು ಮಗಳ ಹಿತಕ್ಕೆಂದೇ ಮಾಡಿದರು. ತಾವು ಕಂಡ ಮಗಳು ಉಳಿಯಲಿ, ತಮಗೆ ಕಾಣದ ಮಗಳು ಅಳಿಯಲಿ ಎಂದುಕೊಂಡಂತಿದೆ. ಮಕ್ಕಳ ಚಿತ್ರವನ್ನು ನೂರಾರು ಜನಕ್ಕೆ ಕಳಿಸಿ, ಅದೇ ಮಕ್ಕಳ ಮೊಬೈಲನ್ನು ಕದ್ದು ನೋಡುವ ತಂದೆತಾಯಿ ಇಂದೂ ಇದ್ದಾರೆ.

ಅಮೃತಾ 1941ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ತೀರಿಕೊಂಡರು. ವಯಸ್ಸು ಇಪ್ಪತ್ತೆಂಟು. ತಾಯಿ 1948ರಲ್ಲಿ, ತಂದೆ 1954ರಲ್ಲಿ ಹೋದರು. ಅಪ್ಪ ತೆಗೆದ ಚಿತ್ರಗಳು ಇಂದಿರಾ ಅವರ ಮಗ, ಕಲಾವಿದ ವಿವಾನ್ ಸುಂದರಂ ಕೈಗೆ ಬಂದವು. 2001ರ ಸುಮಾರಿಗೆ ಅವರು ಕಂಪ್ಯೂಟರಿನಲ್ಲಿ ಬೇರೆಬೇರೆ ವರ್ಷಗಳ ಚಿತ್ರಗಳನ್ನು ಒಂದೇ ಚೌಕಟ್ಟಿನಲ್ಲಿ ಬೆಸೆದು ‘ರೀಟೇಕ್ ಆಫ್ ಅಮೃತಾ’ ಎಂಬ ಸರಣಿ ಮಾಡಿದರು. 2010ರಲ್ಲಿ ದೊಡ್ಡಮ್ಮನ ಪತ್ರ, ಬರಹಗಳನ್ನು ಎರಡು ಸಂಪುಟಗಳಲ್ಲಿ ಹೊರತಂದರು. ಆಕೆಗೆ ಬಂದ ಪತ್ರಗಳ ಆ ಕಟ್ಟು ಸುಟ್ಟಿದ್ದರೂ ಆಕೆ ಹೆತ್ತವರಿಗೆ ಬರೆದವು ಉಳಿದಿದ್ದವು. ಪತ್ರ ಸುಟ್ಟ ಸುದ್ದಿ ತಿಳಿದು ಹಂಗೆರಿಯಿಂದ ಬರೆದದ್ದೂ ಅವುಗಳಲ್ಲಿ ಒಂದು. ಸಾಮಾನು ಭಾರವಾಗುತ್ತದೆಂದು ಪತ್ರಗಳನ್ನು ಅಲ್ಲಿ ಬಿಟ್ಟಿದ್ದೆನೇ ಹೊರತು ಅವು ನನ್ನ ಪಾಪಗಳ ಸಾಕ್ಷಿಯೆಂದಲ್ಲ ಎಂದು ಅದರಲ್ಲಿ ಆಕೆ ಸಿಟ್ಟನ್ನು ನಗೆಯಲ್ಲಿ ಸುತ್ತಿ ಹೇಳುತ್ತಾರೆ. ಆ ಪತ್ರವನ್ನು ಮಾತ್ರ ಯಾರೂ ಸುಡಲಿಲ್ಲ.